ದಕ್ಷಿಣಕ್ಕೆ ಮುಖ

“ಈ ಗೂಡು ಬ್ಯಾಡ ಅಜ್ಜಪ್ಪ. ಎದುರಿನ ಗೋಡೆಗೆ ಕೊರಿ,” ಎಂದ ತೋಟಪ್ಪ.

ಕುಣಿಯೊಳಗಿದ್ದ ಅಜ್ಜಪ್ಪ ಗುದ್ದಲಿ ನಿಲ್ಲಿಸಿ ಮೇಲೆ ನೋಡಿದ. ಹರಿಹರದ ಈ ರುದ್ರಭೂಮಿಯಲ್ಲಿ ತೋಟಪ್ಪನ ಮನೆತನದ ಹಿರಿಯರೆಲ್ಲ ಸತ್ತ ಮೇಲೆ ಕುಣಿಯ ದಕ್ಷಿಣದ ಗೋಡೆಯ ಗೂಡಿನಲ್ಲಿ ಕೂತು ಉತ್ತರಕ್ಕೆ ಮುಖ ಮಾಡಿದವರು. ಇವತ್ತು ಕೂರಬೇಕಾದವಳು ಅವನ ತಂಗಿ ಉಮಾಮಹೇಶ್ವರಿ. ದಾವಣಗೆರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು, ಮದುವೆ ಬೇಡವೆಂದವಳು.

“ಹಂಗಾದ್ರ ಅಕ್ಕಾರ ಮುಖ ದಕ್ಷಿಣಕ್ಕೆ ಆಗತೈತಲ್ರಿ?”

“ಆಗ್ಲಿ.”

ವಿಧಿ ನಡೆಸಲು ಬಂದಿದ್ದ ಕೊಟ್ರೇಶಯ್ಯ ಹೌಹಾರಿದರು. “ಯಮನ ದಿಕ್ಕಿಗೆ ಯಾರಾದ್ರೂ ಕೂಡ್ರಸ್ತಾರೇನ್ರಿ? ಊರಿಗೊಂದು ದಾರಿ ಆದ್ರ ಪೋರನಿಗೊಂದು ದಾರಿ ಅಂದಂಗಾತು!”

*

ಬೆಳಿಗ್ಗೆ ದಾವಣಗೆರೆಯ ಆನೆಕೊಂಡದ ಅವಳ ಬಾಡಿಗೆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬದುಕಿದ್ದಾಗ ಆ ಮೆಟ್ಟಿಲು ಹತ್ತದ ನೆಂಟರೆಲ್ಲ ಬಂದಿದ್ದರು. ಗೋಡೆಯ ಮೇಲೆ ಕೆಂಪು, ಹಳದಿ ಮಚ್ಚೆಗಳ ದೊಡ್ಡ ಚಿತ್ರವೊಂದಿತ್ತು. ಸೋದರತ್ತೆ ಉಡಚಮ್ಮ ಅದನ್ನು ಕಂಡದ್ದೇ ಎದೆ ಬಡಿದುಕೊಂಡಳು.

“ಅಯ್ಯೋ ನಮ್ಮವ್ವಾ, ರೋಗ ಇಷ್ಟು ಹಬ್ಬಿತ್ತೇನ! ಸ್ಕ್ಯಾನ್ ಕಣ್ಮುಂದೆ ಇಟ್ಕಂಡು ಹೆಂಗೆ ಮಲಗ್ತಿದ್ಲೋ!”

ಎಲ್ಲರೂ ಸರದಿಯಂತೆ ಬಂದು ನೋಡಿ ಲೊಚಗುಟ್ಟಿದರು.

“ಸ್ಕ್ಯಾನ್ ಅಲ್ಲತ್ತಿ. ಮೋಡ,” ಎಂದ ತೋಟಪ್ಪ.

“ಎಲ್ಲಿ ಮೋಡ?”

“ಮ್ಯಾಲಿನವು.” ತಂಗಿ ಜೀವಮಾನವೆಲ್ಲ ಮಾಡಿದ ಕೆಲಸದ ಬಗ್ಗೆ ಅವನಿಗೆ ಅದಕ್ಕಿಂತ ಹೆಚ್ಚು ಹೇಳಲು ಬರಲಿಲ್ಲ. ನಾಚಿಕೆಯಾಯಿತು, ಅಳುವೂ ಬಂತು.

*

ಹೋದ ಶ್ರಾವಣದಲ್ಲಿ ಒಂದು ಮುಸ್ಸಂಜೆ ಅವಳು ಮಾಳಿಗೆಯ ಮೇಲೆ ಕೂತಿದ್ದಳು. ಪಕ್ಕದಲ್ಲೊಂದು ಖಾಲಿ ಕುರ್ಚಿ.

“ಯಾವಾಗ್ಲೂ ಯಾಕ ದಕ್ಷಿಣಕ್ಕೇ ಮುಖ ಮಾಡಿ ಕುಂದ್ರುತೀ?” ಎಂದು ಕೇಳಿದ ತೋಟಪ್ಪ.

“ನಮ್ಮ ಆಕಾಶಗಂಗೆಯ ನಡುಮನಿ ಆ ದಿಕ್ಕಿಗೇ ಐತೆ ಅಣ್ಣ. ಅಲ್ಲಿ ಅನಿಲದ ಮೋಡ ತುಂಬ್ಯಾವೆ. ಕಣ್ಣಿಗೆ ಕಾಣಂಗಿಲ್ಲ, ರೇಡಿಯೋ ದುರ್ಬೀನಿಗೆ ಸಿಗತಾವು. ದುರ್ಬೀನಿನೋರು ಕಳಿಸಿದ ಅಂಕಿ ಇಟ್ಕಂಡು ನಾನು ನಕ್ಷೆ ಮಾಡ್ತೀನಿ.”

“ಆ ಮೋಡಕ್ಕೆ ಮಳಿ ಬರತೈತೇನು?”

ಅವಳು ನಕ್ಕಳು. “ನಕ್ಷತ್ರ ಹುಟ್ಟಬೇಕು. ಆದ್ರ ಅಷ್ಟು ಮೋಡ ಇದ್ರೂ ಭಾಳ ಕಡಿಮಿ ಹುಟ್ಟತಾವು. ಯಾಕ ಅಂತ ಪೂರ್ತಿ ಯಾರಿಗೂ ತಿಳಿದಿಲ್ಲ. ಕತ್ತಲಾಗೋತನ ಕೂಡು, ದಿಕ್ಕು ತೋರಸ್ತೀನಿ.”

“ಅಂಗಡಿ ಬಾಗಿಲು ಹಾಕಬೇಕವ್ವ, ಇನ್ನೊಂದು ದಿನ ಬರ್ತೀನಿ,” ಎಂದು ತೋಟಪ್ಪ ಇಳಿದುಬಂದ. ತಿರುಗಿ ನೋಡಿದಾಗ ಅವಳು ಆ ಕುರ್ಚಿಯನ್ನು ಮಡಚುತ್ತಿದ್ದಳು.

*

“ಅಯ್ಯಾರೆ, ಆಕಿ ಜೀವಮಾನ ಆ ಕಡೀನೇ ನೋಡ್ತಾ ಕುಂತಾಕಿ,” ಎಂದ ತೋಟಪ್ಪ. “ಈಗ ಬೆನ್ನು ಮಾಡಸಬ್ಯಾಡ್ರಿ.”

ತೋಟಪ್ಪ ಪಂಚೆ ಎತ್ತಿ ಕಟ್ಟಿ ತಾನೇ ಕುಣಿಗಿಳಿದು ಗುದ್ದಲಿ ಹಿಡಿದ. ಉತ್ತರದ ಗೋಡೆಯಲ್ಲಿ ಬರೀ ಕಲ್ಲು. ನಾಲ್ಕು ಏಟಿಗೆ ಅವನ ಉಸಿರು ಕಟ್ಟಿತು.

ಕೊಟ್ರೇಶಯ್ಯ ಸ್ವಲ್ಪ ಹೊತ್ತು ನೋಡಿದರು. “ಶಿವ ಇಲ್ಲದ ದಿಕ್ಕು ಯಾವುದೈತೆ? ಕೊರಿಯಪ್ಪ ಅಜ್ಜಪ್ಪ,” ಎಂದರು.

ಉಮಾಮಹೇಶ್ವರಿಯನ್ನು ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿದರು. ವಿಭೂತಿ, ಬಿಲ್ವಪತ್ರೆ, ಆಮೇಲೆ ಮಣ್ಣು. ಜನ ಕೈಕಾಲು ತೊಳೆದು ಒಬ್ಬೊಬ್ಬರೇ ಹೊರಟರು. ತೋಟಪ್ಪ ಮಾತ್ರ ಹಸಿ ಮಣ್ಣಿನ ಪಕ್ಕ, ಅವಳಂತೆಯೇ ದಕ್ಷಿಣಕ್ಕೆ ಮುಖ ಮಾಡಿ ಕೂತ.

ಗೇಟಿನಿಂದ ಉಡಚಮ್ಮ ಕೂಗಿದಳು. “ಕತ್ತಲಾಗತೈತೆ, ಏಳೋ!”

“ಆಗೋತನ ಕುಂದ್ರುತೀನತ್ತಿ. ನೀವು ನಡೀರಿ.”

ಬಿಸಿಲು ಇನ್ನೂ ಬೇಲಿಯ ಮೇಲಿತ್ತು. ದಕ್ಷಿಣದ ಆಕಾಶದಲ್ಲಿ ಏನೂ ಇರಲಿಲ್ಲ.