ಎಡಗಡೆಯ ಹೂವು

ಬೆಳಿಗ್ಗೆ ಬೆಟ್ಟಕ್ಕೆ ಹೋಗಿ, ಮಧ್ಯಾಹ್ನ ರೇಷ್ಮೆ ಹುಳಕ್ಕೆ ಸೊಪ್ಪು ಹಾಕೋ ಹೊತ್ತಿಗೆ ವಾಪಸ್ ಬರೋಣ ಅಂದಿದ್ದ ಕೋದಂಡರಾಮಪ್ಪ. ಹೊಸ ಸೀರೆ ಉಡು ಅಂದಾಗಲೇ ಮಗಳು ಗಂಗರತ್ನಳಿಗೆ ವಿಷಯ ತಿಳಿಯಿತು. ಮನೆಗೇ ಬಂದು ಹೆಣ್ಣು ನೋಡಿ ಒಪ್ಪದೆ ಹೋದರೆ ಊರೆಲ್ಲ ಗುಲ್ಲು. ಬೆಟ್ಟದಲ್ಲಾದರೆ, ದೇವರ ದರ್ಶನಕ್ಕೆ ಬಂದವರು ಅಕಸ್ಮಾತ್ ಸಿಕ್ಕರು ಅಂತ ನಾಟಕ ಆಡಬಹುದು.

ನಾಟಕವನ್ನೂ ನೆಟ್ಟಗೆ ಆಡಲು ಬಾರದ ಜನ. ಬೆಟ್ಟದ ಬುಡದ ಕೆರೆ ಏರಿ ಮೇಲೆ ಗಂಡಿನ ಕಡೆಯವರು ಆಗಲೇ ಬಂದು ಚಾಪೆ ಹಾಸಿ ಕಾದಿದ್ದರು. "ಅರೆರೇ, ನೀವೂ ಬಂದ್ರಾ!" ಎಂದು ಹುಡುಗನ ತಾಯಿ ಚಿಕ್ಕವೆಂಕಟಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಹುಡುಗ ಮುನಿಶಾಮಿ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರ್. ಕಪ್ಪು ಕನ್ನಡಕ, ನೆಲ ಗುಡಿಸುವ ಬೆಲ್‌ಬಾಟಂ, ಕಂಕುಳಲ್ಲಿ ಟ್ರಾನ್ಸಿಸ್ಟರ್. ದೇವರೇ ಇವನ ದರ್ಶನಕ್ಕೆ ಕಾದಿದ್ದಾನೇನೋ ಅನ್ನುವ ಠೀವಿ. ಹಿಂದೆ ಅವನ ಅತ್ತಿಗೆ ಬೈರಮ್ಮ, ತಲೆಯ ಮೇಲೆ ಎಲ್ಲರ ಊಟದ ಬುಟ್ಟಿ.

ಕಾಲು ತೊಳೆಯಲು ಕೆರೆಗಿಳಿದಾಗ, ಮುನಿಶಾಮಿ ಹೆಣ್ಣಿನ ಎದುರು ಧೈರ್ಯ ತೋರಿಸಲು ನೀರಿನತ್ತ ನಾಲ್ಕು ಹೆಜ್ಜೆ ಜಾಸ್ತಿಯೇ ಇಟ್ಟು ಕೆಸರಲ್ಲಿ ಹೂತುಕೊಂಡ. ಕಾಲು ಬಂತು, ಚಪ್ಪಲಿ ಬರಲಿಲ್ಲ. ಕಲ್ಲಿನ ಮೇಲೆ ಒಂಟಿಕಾಲಲ್ಲಿ ನಿಂತು, "ಅತ್ಗೇ, ಚಪ್ಲಿ!" ಎಂದು ಕೂಗಿದ.

ಬೈರಮ್ಮ ಬುಟ್ಟಿ ಇಳಿಸಿ, ಮೊಣಕೈವರೆಗೆ ಕೆಸರಿಗೆ ಕೈ ಹಾಕಿ ಚಪ್ಪಲಿ ಕಿತ್ತು, ತೊಳೆದು ತಂದಳು. ಅವನು ಕೈ ಚಾಚಲಿಲ್ಲ, ಕಾಲು ಚಾಚಿದ. ಅವಳು ಬಗ್ಗಿ ತೊಡಿಸಿದಳು. "ನೆಟ್ಗೆ ತೊಳೀಬಾರ್ದಾ? ಪ್ಯಾಂಟೆಲ್ಲ ಗಲೀಜಾಯ್ತು" ಎಂದು ಗದರಿದ. ತಾಯಿಗೆ ಅದೆಲ್ಲ ಏನೂ ಅನ್ನಿಸಲಿಲ್ಲ. ಗಂಗರತ್ನಳಿಗೆ ಮೈಯೆಲ್ಲ ಹೇಸಿಕೆಯಾಯಿತು. ಈ ಮನೆಗೆ ಹೋದರೆ ಮುಂದಿನ ವರ್ಷ ಆ ಕಾಲು ಹಿಡಿಯುವವಳು ತಾನೇ.

ಮೆಟ್ಟಿಲು ಹತ್ತುತ್ತಾ ಅಪ್ಪ ಪಿಸುಗುಟ್ಟಿದ: "ಸುಖವಾಗಿ ಬೆಳ್ದಿರೋ ಹುಡುಗ ಕಣಮ್ಮಾ. ಸ್ವಾಮಿ ಹೂವು ಕೊಟ್ರೆ ಇಲ್ಲೇ ತಾಂಬೂಲ ಬದಲಾಯಿಸ್ಬಿಡ್ತೀವಿ."

ಯಾರ ಬೆನ್ನ ಮೇಲೆ ಸುಖವಾಗಿ ಬೆಳೆದ ಅಂತ ಅಪ್ಪ ನೋಡಲಿಲ್ಲ. ಮಂಡಿ ರೈಟರ್ ಅಳಿಯನಾಗುತ್ತಾನೆಂದರೆ ದೊಡ್ಡವರಿಗೆ ಕಣ್ಣಿದ್ದೂ ಕಾಣುವುದಿಲ್ಲ. ದೇವರಿಗಾದರೂ ಕಾಣಲಿ ಎಂದು ಅವಳು ಬೇಡಿಕೊಂಡೇ ಹತ್ತಿದಳು.

ಗುಡಿಯಲ್ಲಿ ಪೂಜಾರಿ ದೇವರ ಎರಡು ಭುಜಕ್ಕೂ ಒಂದೊಂದು ಒದ್ದೆ ಹೂವು ಅಂಟಿಸಿದ. ಬಲಗಡೆಯದು ಬಿದ್ದರೆ ಮದುವೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ಎಲ್ಲರೂ ಕೈಮುಗಿದು ಉಸಿರು ಬಿಗಿಹಿಡಿದು ನಿಂತರು. ಎಡಗಡೆಯ ಹೂವು ತಟಕ್ಕನೆ ಕಳಚಿ ಬಿತ್ತು.

ಗಂಗರತ್ನಳಿಗೆ ದೇವರನ್ನು ತಬ್ಬಿಕೊಳ್ಳುವಷ್ಟು ಖುಷಿಯಾಯಿತು.

"ಗಾಳಿಗೆ ಬಿತ್ತು ಸ್ವಾಮೀ" ಎಂದಳು ಚಿಕ್ಕವೆಂಕಟಮ್ಮ. ಆ ಗರ್ಭಗುಡಿಯಲ್ಲಿ ದೀಪದ ಹೊಗೆಗೇ ಹೊರಗೆ ಹೋಗಲು ದಾರಿಯಿರಲಿಲ್ಲ, ಇನ್ನು ಗಾಳಿ ಎಲ್ಲಿಂದ ಬರಬೇಕು? ಪೂಜಾರಿ ಮುಖ ಮುಖ ನೋಡಿದ. ಆಗ ಬಾಯಿಬಿಟ್ಟವನು ಅಪ್ಪ.

"ಇನ್ನೊಂದ್ಸಲ ಕೇಳಿ ಸ್ವಾಮೀ."

ಪೂಜಾರಿ ಇನ್ನೆರಡು ಹೂವು ತೆಗೆದುಕೊಂಡ. ಎಡಗಡೆಯದನ್ನು ನೀರಲ್ಲಿ ಚೆನ್ನಾಗಿ ಅದ್ದಿ ಒತ್ತಿ ಅಂಟಿಸಿದ. ಬಲಗಡೆಯದನ್ನು ಸುಮ್ಮನೆ ಆನಿಸಿ ಇಟ್ಟ. ಗಂಟೆ ಬಾರಿಸುವ ಮೊದಲೇ ಅದು ಬಿತ್ತು. "ಕೊಟ್ಟ, ಕೊಟ್ಟ!" ಎಂದು ಚಿಕ್ಕವೆಂಕಟಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. ಅಪ್ಪ ಕಣ್ಣೊರೆಸಿಕೊಂಡು ತಾಂಬೂಲದ ತಟ್ಟೆ ಎತ್ತಿಕೊಂಡ.

"ಅಪ್ಪಾ" ಎಂದಳು ಗಂಗರತ್ನ. "ದೇವ್ರನ್ನ ಎರಡು ಸಲ ಕೇಳಿದ್ಯಲ್ಲ, ನನ್ನ ಒಂದ್ಸಲ ಕೇಳು."

ಅವನು ಕೇಳಲಿಲ್ಲ. ಅವಳೇ ಹೇಳಿದಳು: "ನಂಗೆ ಬೇಡ."

"ಅಯ್ಯೋ ರಾಮಾ! ದೇವ್ರಿಗೇ ಎದುರಾಡ್ತಾಳಲ್ಲ ಇವ್ಳು!" ಎಂದು ಚಿಕ್ಕವೆಂಕಟಮ್ಮ ಕಿರುಚಿದಳು.

"ಎದುರಾಡಿದೋರು ನೀವು" ಎಂದಳು ಗಂಗರತ್ನ. "ದೇವ್ರು ಮೊದ್ಲು ಹೇಳಿದ್ದನ್ನೇ ನಾನೂ ಹೇಳ್ತಿದ್ದೀನಿ."