ಬಿಸಿಲು ಬಿದ್ದ ಅಂಗಳ

ಏಪ್ರಿಲ್ ಬಂದರೂ ಫಿನ್‌ಲ್ಯಾಂಡಿನ ಆ ಊರಲ್ಲಿ ರಾತ್ರಿ ನೆಲ ಹೆಪ್ಪುಗಟ್ಟುತ್ತಿತ್ತು. ಬೆಳಗ್ಗೆ ಏಳಕ್ಕೇ ಮುದುಕ ತೈಸ್ತೊ ಅಂಗಳದಲ್ಲಿ ಜಾಕಿ ಕೊಟ್ಟು ಕಾರು ಎತ್ತಿದ. ಮುಂದಿನ ಚಕ್ರ ಬಿಚ್ಚಿಟ್ಟು, ಅಡಿಗೆ ನುಸುಳಿ, ತುಕ್ಕು ಹಿಡಿದ ಹೊಗೆಕೊಳವೆಗೆ ಕೈಹಾಕಿದ. ಹತ್ತಕ್ಕೆ ಕಾಫಿಗೆಂದು ಎದ್ದ. ಕಾಫಿ ಮುಗಿಯುವಷ್ಟರಲ್ಲಿ ಅಂಗಳಕ್ಕೆ ಬಿಸಿಲು ಬಿದ್ದಿತ್ತು.

ಅವನು ಮತ್ತೆ ಕಾರಿನಡಿ ಮಲಗಲು ಹೊರಟಾಗ ಹೆಂಡತಿ ಹಿಲ್ಕಾ ಬೆನ್ನಿಗೇ ಬಂದಳು.

“ನಿಲ್ಲು ಮಾರಾಯ. ಬಿಚ್ಚಿದ ಚಕ್ರ ಅಡಿಗೆ ತಳ್ಳಿ ಆಮೇಲೆ ನುಗ್ಗು.”

“ನೆಲ ಕಲ್ಲಿದ್ದಂಗಿದೆ ಕಣೆ. ನಲವತ್ತು ವರ್ಷದಿಂದ ಮಾಡ್ತಿದೀನಿ.”

“ಕಲ್ಲಾಗಿದ್ದು ಬೆಳಗ್ಗೆ. ಈಗ ಕಲ್ಲಾಗಿರೋದು ನಿನ್ನ ತಲೆ ಒಂದೇ.”

ಅವನು ನಕ್ಕುಬಿಟ್ಟ. ಅವಳು ವಾದ ಬೆಳೆಸಲಿಲ್ಲ. ತಾನೇ ಚಕ್ರ ಉರುಳಿಸಿ ತಂದು, ಕಾರಿನ ಬಾಗಿಲಿನ ಕೆಳಗೆ ಅಡ್ಡ ಮಲಗಿಸಿ, ಒಳಕ್ಕೆ ತಳ್ಳಿ ಹೋದಳು.

ಕೊಳವೆಯ ಕೊನೆಯ ಬೋಲ್ಟು ಜಪ್ಪಯ್ಯ ಅನ್ನಲಿಲ್ಲ. ಕಾರಿನಡಿ ಮಲಗಿದ್ದ ತೈಸ್ತೊ ಬಲವಾಗಿ ಜಗ್ಗಿದ. ಕರಗಿ ಕೆಸರಾಗಿದ್ದ ನೆಲದಲ್ಲಿ ಜಾಕಿ ವಾಲಿತು. ಕಾರು ಧೊಪ್ಪನೆ ಇಳಿದು ಚಕ್ರದ ಮೇಲೆ ಕೂತಿತು. ಅವನ ಮೂಗಿಗೂ ತಗಡಿಗೂ ನಡುವೆ ನಾಲ್ಕು ಬೆರಳು ಜಾಗ ಉಳಿದಿತ್ತು.

ತೆವಳಿ ಹೊರಬಂದವನು ಕೆಸರಲ್ಲಿ ಹೂತ ಜಾಕಿಯನ್ನು ನೋಡಿದ. ಆಮೇಲೆ ಎದ್ದು ಅಡುಗೆಮನೆಯ ಕಿಟಕಿ ತಟ್ಟಿದ.

“ಜಾಕಿ ಕೆಳಗೆ ಹಾಕೋಕೆ ದಪ್ಪ ಹಲಗೆ ಇದೆಯೇನೇ?”

“ಸೌದೆ ಕೊಟ್ಟಿಗೇಲಿದೆ,” ಅಂದಳು ಹಿಲ್ಕಾ. “ಮೊದಲು ಬಂದು ಕೂತ್ಕೋ. ಕಾಫಿ ಇನ್ನೂ ಇದೆ.”