ಸ್ಮೃತಿಯ ಅಸಲಿ ಎತ್ತರ

ವೆಬ್‌ಸೈಟ್ ಬಂದಮೇಲೆ ಆರ್‌ಪಿಸಿ ಲೇಔಟಿನ ಶಿವಗಂಗಮ್ಮನವರ ವಧೂವರ ಕೇಂದ್ರದಲ್ಲಿ ಹುಡುಗಿಯರು ಎತ್ತರವಾಗತೊಡಗಿದ್ದರು. ಅಪ್ಪಂದಿರು ಕಂಪ್ಯೂಟರ್ ಮುಂದೆ ಕೂತು ವಿವರ ತಿದ್ದುತ್ತಿದ್ದರು. ಆಮೇಲೆ ಮೊದಲು ಏನಿತ್ತೆಂಬುದು ಅವರಿಗೇ ಮರೆತುಹೋಗುತ್ತಿತ್ತು. ಅದಕ್ಕೆ ಶಿವಗಂಗಮ್ಮ ಹಳೆಯ ವಿವರ ಮರಳಿಸುವ ‘ಮೊದಲಿನಂತೆ’ ಎಂಬ ಬಟನ್ ಕೇಳಿದ್ದರು. ಗೋಕಾಕದ ಬಾಳೇಶ ಪುಸ್ತಕ ನೋಡಿ ಜಾವಾಸ್ಕ್ರಿಪ್ಟ್ ಕಲಿತವನು. ಕೇಂದ್ರದ ವೆಬ್‌ಸೈಟ್ ಕೆಲಸಕ್ಕೆ ಸೇರಿದ ಅವನ ಮೂರು ತಿಂಗಳ ಟ್ರಯಲ್ ಇವತ್ತಿಗೆ ಮುಗಿಯುತ್ತಿತ್ತು. ಗಿರಾಕಿಯ ಮುಂದೆ ಬಟನ್ ಕೆಲಸ ಮಾಡಿದರೆ ನೌಕರಿ, ಇಲ್ಲದಿದ್ದರೆ ಊರಿನ ಬಸ್ಸು.

ಗಿರಾಕಿ ಜಗನ್ನಾಥ ಮೇಷ್ಟ್ರು ಮಗಳು ಸ್ಮೃತಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಅವಳ ಐದು ಅಡಿ ಒಂದಿಂಚು ಎತ್ತರವನ್ನು ಐದು ಅಡಿ ಮೂರಿಂಚು ಮಾಡಿದರು. ಸಾಲದೆನಿಸಿ ಮತ್ತೆ ಐದು ಅಡಿ ಐದಿಂಚು ಮಾಡಿದರು.

“ಭಾನುವಾರ ಗಂಡಿನ ಕಡೆಯವ್ರು ಬರ್ತಾರಪ್ಪ. ಅಷ್ಟರಲ್ಲಿ ನಾಲ್ಕಿಂಚು ಬೆಳೀಲಾ?” ಎಂದಳು ಸ್ಮೃತಿ.

“ಬಾಳೇಶ, ಬಟನ್ ಒತ್ತೋ,” ಎಂದರು ಶಿವಗಂಗಮ್ಮ.

ಒತ್ತಿದ. ಐದು ಅಡಿ ಮೂರಿಂಚು ಬಂತು.

“ನೋಡಮ್ಮ, ನಿನ್ನ ಅಸಲಿ ಎತ್ತರ ಇದೇ ಅಂತ ಕಂಪ್ಯೂಟರೇ ಹೇಳ್ತಾ ಇದೆ!” ಮೇಷ್ಟ್ರು ಹಿಗ್ಗಿದರು. ಶಿವಗಂಗಮ್ಮನೂ ತಲೆದೂಗಿದರು.

ಬಾಳೇಶನಿಗೆ ತಪ್ಪು ತಿಳಿಯಿತು. ಖಾನೆಯನ್ನು ಮುಟ್ಟಿದಾಗಲೆಲ್ಲ ಅಲ್ಲಿದ್ದದ್ದೇ ಅಸಲಿಯೆಂದು ಕಂಪ್ಯೂಟರ್ ನೆನಪಿಟ್ಟುಕೊಳ್ಳುವಂತೆ ಪ್ರೋಗ್ರಾಂ ಬರೆದಿದ್ದ. ಎರಡನೇ ಸಲ ಮುಟ್ಟಿದಾಗ ಮೊದಲ ಸುಳ್ಳೇ ಅಸಲಿಯಾಗಿತ್ತು. ಬಾಯಿಮುಚ್ಚಿಕೊಂಡಿದ್ದರೆ ನೌಕರಿ ಗಟ್ಟಿ. ಆದರೆ ಸ್ಮೃತಿ ಎದ್ದು ಬಂದು ಅವನ ಪಕ್ಕ ನಿಂತಳು. ಅವನ ಗದ್ದಕ್ಕೂ ಬರಲಿಲ್ಲ.

“ನೀವೇ ಹೇಳಿ, ನಾನು ಐದು ಮೂರಾ?”

“ಮೇಡಂ, ತಪ್ಪು ನಂದೈತ್ರಿ,” ಎಂದ ಬಾಳೇಶ ಶಿವಗಂಗಮ್ಮನವರಿಗೆ. “ಐದು ನಿಮಿಷ ಕೊಡ್ರಿ.”

ಪುಟ ತೆರೆದ ಕ್ಷಣದಲ್ಲಿ ಒಂದೇ ಒಂದು ಸಲ ನೆನಪಿಟ್ಟುಕೊಳ್ಳುವಂತೆ ತಿದ್ದಿ, ಪುಟವನ್ನು ಹೊಸದಾಗಿ ತೆರೆದ. ಯಾರೂ ಸೇವ್ ಮಾಡಿರಲಿಲ್ಲವಾದ್ದರಿಂದ ಹಳೆಯ ವಿವರ ಹಾಗೇ ಇತ್ತು. ಮೇಷ್ಟ್ರು ಹಟ ಹಿಡಿದು ಎತ್ತರವನ್ನು ಮೂರು ಸಲ ಏರಿಸಿದರು. ‘ಅಡುಗೆ’ ಖಾನೆಯಲ್ಲಿದ್ದದ್ದನ್ನು ಅಳಿಸಿ ‘ಚೆನ್ನಾಗಿ ಬರುತ್ತದೆ’ ಎಂದೂ ಬರೆದರು.

ಬಾಳೇಶ ಬಟನ್ ಒತ್ತಿದ. ಐದು ಅಡಿ ಒಂದಿಂಚು. ಅಡುಗೆ: ಬರುವುದಿಲ್ಲ.

ಮೇಷ್ಟ್ರು ಕೈ ಚಾಚುವಷ್ಟರಲ್ಲಿ ಸ್ಮೃತಿ ಮೌಸ್ ಕಿತ್ತುಕೊಂಡು ಸೇವ್ ಒತ್ತಿಬಿಟ್ಟಳು. ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋದರು. ಮಗಳು ನಗುತ್ತ ಹಿಂದೆಯೇ ಹೋದಳು.

ಶಿವಗಂಗಮ್ಮ ಗಿರಾಕಿ ಇಳಿದುಹೋದ ಮೆಟ್ಟಿಲಿನತ್ತ ನೋಡಿ, ಬಾಳೇಶನತ್ತ ತಿರುಗಿದರು.

“ಚೆನ್ನಾಗಿ ಕೆಲಸ ಮಾಡತ್ತೆ ಕಣೋ. ಸೋಮವಾರದಿಂದ ನೀನು ಪರ್ಮನೆಂಟ್.”

“ಥ್ಯಾಂಕ್ಸ್ ರೀ ಮೇಡಂ.”

“ಬಂದ ತಕ್ಷಣ ಮೊದಲು ಆ ಬಟನ್ ತೆಗೆದುಹಾಕು.”